ಬೋರ್ಡಿಗೇರಿದ ನಮ್ಮನೆ ರೊಟ್ಟಿ

ನಾನು ಮದುವೆಯಾದದ್ದು ಒಬ್ಬ ಮನುಷ್ಯನನ್ನಲ್ಲ, ಒಂದು ಕರಿಹಲಗೆಯನ್ನು! ಕೋಪದಲ್ಲಿ ಹೇಳುತ್ತಿರುವ ಮಾತಲ್ಲ ಇದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು – ಈ ನಾಲ್ಕು ಊರುಗಳಲ್ಲಿ ಎಪ್ಪತ್ತು, ಎಂಬತ್ತರ ದಶಕದಲ್ಲಿ ಹತ್ತನೇ ಕ್ಲಾಸು ಓದಿದ ಯಾರನ್ನಾದರೂ ಕೇಳಿ ನೋಡಿ. ನಮ್ಮ ಮನೆಯಲ್ಲಿ ಯಾವತ್ತು ಸಾರಿಗೆ ಉಪ್ಪು ಹೆಚ್ಚಾಗಿತ್ತು, ಯಾವತ್ತು ಹಾಲು ಉಕ್ಕಿ ಒಲೆ ಆರಿತ್ತು, ಯಾವತ್ತು ನಾನು ಮುಖ ಊದಿಸಿಕೊಂಡು ಕೂತಿದ್ದೆ ಎಂಬುದೆಲ್ಲ ಅವರ ಹಳೆಯ ನೋಟುಬುಕ್ಕುಗಳಲ್ಲಿ ಇಂಗ್ಲಿಷಿನಲ್ಲಿ, ದುಂಡಗಿನ ಅಕ್ಷರದಲ್ಲಿ, ಅಡಿಗೆರೆ ಸಮೇತ ಇರುತ್ತದೆ. ಬರೆಸಿದವರು ನಮ್ಮ ಯಜಮಾನರು, ಇಂಗ್ಲಿಷ್ ಮೇಷ್ಟ್ರು.

ಅವರ ಹೆಸರು ಬರೆಯುವುದಿಲ್ಲ. ಗಂಡನ ಹೆಸರು ಹೇಳಬಾರದೆಂಬ ಶಾಸ್ತ್ರಕ್ಕಲ್ಲ. ಆ ಶಾಸ್ತ್ರವನ್ನು ರೇಷನ್ ಕಾರ್ಡು ಮಾಡಿಸುವ ದಿನವೇ ಮುರಿದಿದ್ದೇನೆ. ಹೆಸರು ಬರೆದರೆ ಶಿಷ್ಯರೆಲ್ಲ ಪತ್ತೆ ಹಚ್ಚಿಕೊಂಡು ಮನೆಗೆ ಬರುತ್ತಾರೆ. ಬಂದವರಿಗೆಲ್ಲ ನಾನು ಕಾಫಿ ಮಾಡಬೇಕು, ಆ ಕಾಫಿಯ ಮೇಲೆ ಇವರು ಇಂಗ್ಲಿಷಿನಲ್ಲಿ ಒಂದು ವಾಕ್ಯ ಕಟ್ಟಬೇಕು! ಬೇಡಪ್ಪ ಬೇಡ. 'ನಮ್ಮವರು' ಎಂದರೆ ಸಾಕು.

ಇಂಗ್ಲಿಷ್ ವ್ಯಾಕರಣವೆಂದರೆ ಸಮುದ್ರವಂತೆ. ಆ ಸಮುದ್ರದಲ್ಲಿ ನಮ್ಮವರಿಗೆ ಪ್ರೀತಿಯಿದ್ದದ್ದು ಒಂದೇ ಒಂದು ಬಿಂದಿಗೆ ನೀರಿನ ಮೇಲೆ. ಒಂದಕ್ಕೊಂದು ಎದುರಾಗಿ ನಿಲ್ಲುವ ಎರಡು ಮಾತುಗಳನ್ನು ಜೋಡಿಸಿ ಒಂದೇ ವಾಕ್ಯ ಮಾಡುವ ಪಾಠ ಅದು. ಬಟ್, ಯೆಟ್, ದೋ, ಆಲ್ದೋ, ಈವನ್ ದೋ, ಇನ್ ಸ್ಪೈಟ್ ಆಫ್... ಬೇರೆ ಮೇಷ್ಟ್ರುಗಳು ಇದನ್ನು ಎರಡು ಪೀರಿಯಡ್ಡಿನಲ್ಲಿ ಮುಗಿಸಿ ಮುಂದಕ್ಕೆ ಹೋಗುತ್ತಿದ್ದರು. ನಮ್ಮವರು ಜೂನ್ ತಿಂಗಳಲ್ಲಿ ಹಿಡಿದರೆ ದೀಪಾವಳಿಗೂ ಬಿಡುತ್ತಿರಲಿಲ್ಲ. ಕೇಳಿದರೆ ದೊಡ್ಡ ತತ್ವಜ್ಞಾನಿಯ ಗತ್ತಿನಲ್ಲಿ ಹೇಳುತ್ತಿದ್ದರು: "ಲೋಕದಾಗೆ ಒಂದು ವಿಷಯ ಇರ್ತೈತೆ, ಅದಕ್ಕೆ ಎದುರಾಗಿ ಇನ್ನೊಂದು ಇರ್ತೈತೆ. ಎರಡನ್ನೂ ಒಂದೇ ಮಾತಿನಾಗೆ ಹಿಡಿಯಾಕೆ ಬಂತು ಅಂದ್ರೆ ಇಂಗ್ಲಿಷ್ ಬಂತು ಅಂತ್ಲೇ ತಿಳ್ಕೊ."

ಈ ತತ್ವದ ಮೊದಲ ಪೆಟ್ಟು ನನಗೆ ಬಿದ್ದದ್ದು ಹೆಣ್ಣು ನೋಡುವ ಶಾಸ್ತ್ರದ ದಿನ. ನನ್ನ ತವರು ಸವಳಂಗ. ನಮ್ಮಪ್ಪ ಸುಳ್ಳು ಹೇಳುವವರಲ್ಲ. ಬಂದವರ ಮುಂದೆ ಉಪ್ಪಿಟ್ಟಿನ ತಟ್ಟೆ ಇಡಿಸಿ, ನೇರವಾಗಿ ಹೇಳಿಬಿಟ್ಟರು: "ನೋಡ್ರಿ, ಹುಡುಗಿ ಎಲ್ಲಾದ್ರಾಗೂ ಪಾಸು. ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಒಂದು ಹೋಗೈತೆ." ಗಂಡು ಇಂಗ್ಲಿಷ್ ಮೇಷ್ಟ್ರು ಎಂಬುದು ನೆನಪಾಗಿ ನಮ್ಮಮ್ಮ ಬಾಗಿಲ ಹಿಂದೆ ನನ್ನ ಕೈ ಹಿಸುಕಿದಳು. ಗಂಡು ಒಂದು ತುತ್ತು ನುಂಗಿ, ಸಭೆಯನ್ನೊಮ್ಮೆ ನೋಡಿ, ಹೇಳಿತು: "ಇಂಗ್ಲಿಷ್ ಹೋಗಿದ್ರೂ ಉಪ್ಪಿಟ್ಟು ಚೆನ್ನಾಗೈತೆ." ಹಿರಿಯರೆಲ್ಲ ಹೋ ಎಂದು ನಕ್ಕು ಅದನ್ನೇ ಒಪ್ಪಿಗೆ ಎಂದುಕೊಂಡು ಎಲೆ ಅಡಿಕೆ ಬದಲಾಯಿಸಿದರು. ನಾನೂ ಹದಿನೆಂಟರ ಹುಡುಗಿ, ಎಂಥ ದೊಡ್ಡ ಮನಸ್ಸು ಎಂದು ಕರಗಿಹೋದೆ!

ಆ ವಾಕ್ಯವನ್ನು ಮುಂದಿನ ಸೋಮವಾರವೇ ಚನ್ನಗಿರಿಯ ಹೈಸ್ಕೂಲಿನ ಬೋರ್ಡಿನ ಮೇಲೆ ಬರೆದಿದ್ದರೆಂದು ನನಗೆ ಗೊತ್ತಾದದ್ದು ಮದುವೆಯಾಗಿ ಮೂರು ತಿಂಗಳಿಗೆ. "ಆಲ್ದೋ ಶೀ ಫೇಲ್ಡ್ ಇನ್ ಇಂಗ್ಲಿಷ್, ಹರ್ ಉಪ್ಪಿಟ್ಟು ವಾಸ್ ಗುಡ್." ಲಗ್ನಪತ್ರಿಕೆ ಅಚ್ಚಾಗುವುದಕ್ಕೆ ಮೊದಲೇ ನಾನು ಫೇಲಾದ ಸುದ್ದಿ ಚನ್ನಗಿರಿಯ ಮನೆಮನೆಗೆ ತಲುಪಿತ್ತು. ನಾನು ಸೇರಕ್ಕಿ ಒದ್ದು ಒಳಗೆ ಬಂದಾಗ ಬೀದಿಯ ಹೆಂಗಸರು ನನ್ನ ಮುಖಕ್ಕಿಂತ ಕೈ ನೋಡುತ್ತಿದ್ದದ್ದು ಯಾಕೆಂದು ಆಗ ಅರ್ಥವಾಗಿರಲಿಲ್ಲ. ಉಪ್ಪಿಟ್ಟು ಮಾಡುವ ಕೈ ಇದೇನಾ ಎಂದು ನೋಡುತ್ತಿದ್ದರಂತೆ!

ಈ ಬೋರ್ಡಿನ ಗುಟ್ಟು ರಟ್ಟಾದದ್ದು ನಲ್ಲಿಯ ಹತ್ತಿರ. ಪಕ್ಕದ ಮನೆಯ ಸುಶೀಲ ಎಂಬ ಹುಡುಗಿ ಹತ್ತನೇ ಕ್ಲಾಸಿನಲ್ಲಿದ್ದಳು. ಒಂದು ದಿನ ನನ್ನ ಕೊಡಕ್ಕೆ ಕೈ ಕೊಡುತ್ತ, ಬಹಳ ಕನಿಕರದಿಂದ, "ಅಕ್ಕಾರೆ, ನಿನ್ನೆ ನಿಮ್ಮನೇಲಿ ರೊಟ್ಟಿ ಕಲ್ಲಾಗಿದ್ವಂತಲ್ರೀ?" ಎಂದಳು.

"ಯಾರು ಹೇಳಿದ್ರೇ ನಿಂಗೆ?"

"ಮೇಷ್ಟ್ರು ಬೋರ್ಡಿನ ಮ್ಯಾಲೆ ಬರೆದ್ರು ರೀ. ರೊಟ್ಟಿ ಕಲ್ಲಾಗಿದ್ದಾಗ್ಯೂ ಅವನು ಅದನ್ನು ತಿಂದನು ಅಂತ. 'ಅವನು' ಅಂದ್ರೆ ಯಾರು ಅಂತ ನಮಗೆ ಗೊತ್ತಾಗಲ್ವಾ ರೀ? ಮೇಷ್ಟ್ರ ದವಡೆ ಊದಿತ್ತು!"

ನಲ್ಲಿಯ ಸಾಲಿನಲ್ಲಿದ್ದ ಹನ್ನೊಂದು ಕೊಡಗಳೂ ಅವುಗಳ ಒಡತಿಯರೂ ಒಟ್ಟಿಗೆ ನಕ್ಕರು. ನಾನು ಕೊಡವನ್ನು ಅರ್ಧಕ್ಕೇ ಎತ್ತಿಕೊಂಡು ಮನೆಗೆ ಬಂದು, ಅವರು ಶಾಲೆಯಿಂದ ಬರುವುದನ್ನೇ ಕಾಯುತ್ತ ಬಾಗಿಲಲ್ಲಿ ನಿಂತೆ. ಜಗಳ ಆಯಿತು. ಅವರ ವಾದ ಮಾತ್ರ ಇವತ್ತಿಗೂ ಅಲ್ಲಾಡಿಸಲಾಗದ್ದು. "ಪುಸ್ತಕದಾಗೆ ಏನು ಕೊಟ್ಟಾರೆ ಗೊತ್ತೈತಾ? ಹಿಮ ಬೀಳುತ್ತಿದ್ದಾಗ್ಯೂ ಅವನು ನಡೆದುಹೋದನು. ನಮ್ಮ ಚನ್ನಗಿರಿ ಹುಡುಗ್ರು ಹಿಮ ಎಲ್ಲಿ ನೋಡ್ಯಾರೆ? ಹೆಂಗಿರ್ತೈತೆ ಅಂತ ಕೇಳಿದ್ರೆ ನಾನೆಲ್ಲಿ ನೋಡೀನಿ? ರೊಟ್ಟಿ ನೋಡ್ಯಾರೆ. ಕಲ್ಲಾದ ರೊಟ್ಟಿ ಎಲ್ಲರ ಮನೇಲೂ ನೋಡ್ಯಾರೆ. ಅದಕ್ಕೇ ತಟ್ ಅಂತ ತಲೆಗೆ ಹೋಗ್ತೈತೆ."

"ಹಂಗಾದ್ರೆ ಬೇರೆಯವ್ರ ಮನೆ ರೊಟ್ಟಿ ಬರೀರಿ!"

"ಬೇರೆಯವ್ರ ಮನೆ ರೊಟ್ಟಿ ನಾನು ತಿಂದಿಲ್ವಲ್ಲ. ಸುಳ್ಳು ಬರೆಸಾಕಾಗ್ತೈತಾ?"

ಇಂಥ ಸತ್ಯಸಂಧನ ಜೊತೆ ಏನು ವಾದ ಮಾಡುತ್ತೀರಿ?

ಹೊನ್ನಾಳಿಗೆ ವರ್ಗವಾಯಿತು. ಕರಿಹಲಗೆ ಬದಲಾಯಿತು, ಅಡುಗೆಯವಳು ಬದಲಾಗಲಿಲ್ಲ. ಆ ವರ್ಷ ನಮ್ಮತ್ತೆ ಕೆರೆಬಿಳಚಿಯಿಂದ ಬಂದು ಎರಡು ತಿಂಗಳು ನಮ್ಮ ಜೊತೆಗಿದ್ದರು. ನಮ್ಮವರಿಗೆ ಹಬ್ಬ! ಮೊದಲ ವಾರದಲ್ಲೇ ಒಂದು ವಾಕ್ಯ ಹೊರಬಿತ್ತು: ಬಾಯಲ್ಲಿ ಹಲ್ಲಿಲ್ಲದಿದ್ದರೂ ನನ್ನ ತಾಯಿ ಚಕ್ಕುಲಿ ತಿನ್ನುತ್ತಾರೆ. ಆಲ್ದೋ ಹಾಕಿದ ಮೇಲೆ ಅದೇ ವಾಕ್ಯದಲ್ಲಿ ಬಟ್ ಹಾಕಬಾರದು ಎಂಬುದು ಇಂಗ್ಲಿಷಿನ ಕಟ್ಟಳೆ. ನಮ್ಮ ಮಕ್ಕಳು ಎರಡನ್ನೂ ಹಾಕದೆ ಬಿಡುವುದಿಲ್ಲ. ಹಾಗೆ ಹಾಕಿದವನ ಕಿವಿ ಹಿಂಡುತ್ತ ಇವರು ಕೇಳುತ್ತಿದ್ದದ್ದು, "ಒಂದು ಒಲೆಗೆ ಇಬ್ಬರು ಅತ್ತೇರೇನಲೇ? ಒಬ್ಬಳನ್ನೇ ತಡಿಯಾಕಾಗಲ್ಲ!" ಎಂದು.

ಚಕ್ಕುಲಿ, ಒಲೆ, ಅತ್ತೆ – ಮೂರೂ ಒಂದೇ ಸಂಜೆ ನಮ್ಮತ್ತೆಯ ಕಿವಿಗೆ ಬಿದ್ದವು. ಎಲೆ ಅಡಿಕೆ ಮಾರುವವಳ ಮೊಮ್ಮಗ ಇವರ ಕ್ಲಾಸಿನಲ್ಲಿದ್ದನಂತೆ. ಅತ್ತೆ ಜಗಲಿಯ ಮೇಲೆ, ಬೀದಿಯೆಲ್ಲ ನೋಡುತ್ತಿರುವಂತೆ, ಮೂವತ್ತನಾಲ್ಕು ವರ್ಷದ ಮಗನ ಕಿವಿ ಹಿಡಿದರು. "ಏನಲೇ, ನಿನ್ನ ಬೋರ್ಡಿಗೆ ಬರೆಯಾಕೆ ಅಂತ ನಿನ್ನ ಹೆತ್ನೇನಲೇ? ಇನ್ನೊಂದು ಸಲ ನನ್ನ ಹಲ್ಲಿನ ಸುದ್ದಿ ಎತ್ತಿದ್ರೆ ನಿನ್ನ ಹಲ್ಲು ಉದುರಿಸ್ತೀನಿ." ಅವತ್ತಿನಿಂದ ಅತ್ತೆಗೆ ಬೋರ್ಡಿನಿಂದ ಬಿಡುಗಡೆ! ಆಮೇಲೆ ಅತ್ತೆಯ ಪಾಲಿನದೂ ನನ್ನ ಪಾಲಿಗೇ ಬಂತು. ಕಿವಿ ಹಿಂಡುವ ಅಧಿಕಾರ ಹೆಂಡತಿಗೆ ಯಾವ ಶಾಸ್ತ್ರವೂ ಕೊಟ್ಟಿಲ್ಲವಲ್ಲ!

ನಾನೂ ಸುಮ್ಮನೆ ಕೂತವಳಲ್ಲ. ಒಂದು ವಾರ ಪೂರ್ತಿ ಅಡುಗೆಯಲ್ಲಿ ಒಂದೇ ಒಂದು ತಪ್ಪು ಬಾರದ ಹಾಗೆ ನೋಡಿಕೊಂಡೆ. ಉಪ್ಪನ್ನು ಚಿಟಿಕೆಯಲ್ಲಿ ಅಳೆದೆ. ರೊಟ್ಟಿ ಹೂವಿನಂತೆ ಬಂದವು. ಬಟ್ಟೆ ಇಸ್ತ್ರಿಯಾಯಿತು, ಸ್ನಾನದ ನೀರು ಹದವಾಯಿತು. ಬುಧವಾರದ ಹೊತ್ತಿಗೆ ಇವರು ಮಂಕಾದರು. ಗುರುವಾರ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಶುಕ್ರವಾರ ಊಟ ಮುಗಿಸಿ ನನ್ನ ಮುಖವನ್ನೇ ನೋಡುತ್ತ ಕೂತು, ಸಟ್ಟನೆ ಕಣ್ಣರಳಿಸಿ ಎದ್ದುಹೋದರು. ಸಂಜೆಗೆ ಬೀದಿಯಿಂದಲೇ ಸುದ್ದಿ ಬಂತು. ಸಾರು ಚೆನ್ನಾಗಿದ್ದಾಗ್ಯೂ ಆಕೆ ನಗಲಿಲ್ಲ!

ನ್ಯಾಮತಿಗೆ ಬರುವ ಹೊತ್ತಿಗೆ ನನಗೆ ಎರಡು ಮಕ್ಕಳು. ನ್ಯಾಮತಿ ಆಗಿನ್ನೂ ತಾಲ್ಲೂಕಲ್ಲ. ಹೊನ್ನಾಳಿ ತಾಲ್ಲೂಕಿನ ಒಂದು ವ್ಯಾಪಾರದ ಊರು. ಅಲ್ಲಿ ಹೆಂಗಸರೇ ಸೇರಿ ಒಂದು ಶಿಶುವಿಹಾರ ನಡೆಸುತ್ತಿದ್ದರು. ಚಿಕ್ಕವನನ್ನು ಬಿಡಲು ಹೋದ ನಾನು ಅಲ್ಲೇ ನಿಂತು ಹಾಡು ಹೇಳಿಕೊಡಲು ಶುರು ಮಾಡಿದೆ. ಆ ಒಂದು ಗಂಟೆ ನಾನು ಯಾರ ವಾಕ್ಯವೂ ಆಗಿರುತ್ತಿರಲಿಲ್ಲ. ಮೂವತ್ತು ಮಕ್ಕಳು ನನ್ನ ಬಾಯಿ ನೋಡಿಕೊಂಡು ಕೂತಿರುತ್ತಿದ್ದರು. ಅಲ್ಲಿದ್ದ ಟೀಚರು ಮದುವೆಯಾಗಿ ಹೋದಾಗ ನನ್ನನ್ನು ತೆಗೆದುಕೊಳ್ಳುತ್ತಾರೆಂದು ಆಸೆಪಟ್ಟೆ. ಅಧ್ಯಕ್ಷೆ ಒಳ್ಳೆಯ ಹೆಂಗಸು, ಸಂಕಟದಿಂದಲೇ ಹೇಳಿದರು: "ಮಕ್ಕಳು ನಿಮ್ಮನ್ನ ಬಿಟ್ಟು ಇರಲ್ಲ ಕಣ್ರೀ. ಎಸ್ಸೆಸ್ಸೆಲ್ಸಿ ಪಾಸಾಗಿದ್ರೆ ನಾಳೇನೇ ತಗೊಳ್ತಿದ್ವಿ. ರೂಲ್ಸು ಹಂಗೈತೆ, ನಾವೇನು ಮಾಡಾಕಾಗ್ತೈತೆ?"

ಹನ್ನೆರಡು ವರ್ಷದ ಹಿಂದೆ ಹೋದ ಇಂಗ್ಲಿಷ್ ಹೀಗೆ ಮತ್ತೆ ಅಡ್ಡ ಬಂತು. ಪರೀಕ್ಷೆ ಕಟ್ಟಬೇಕೆಂದು ನಿಶ್ಚಯಿಸಿದೆ. ನನಗೆ ಆ ಕೆಲಸ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಅಲ್ಲಿಯವರೆಗೆ ನನಗೆಂದು ನಾನು ಏನನ್ನೂ ಕೇಳಿದವಳಲ್ಲ, ಇದೊಂದನ್ನು ಕೇಳಿದೆ. ಮತ್ತೆ ಫೇಲಾದರೆ ಎಂಬ ಭಯವಿತ್ತು. ಆದರೆ ಅದಕ್ಕಿಂತ ದೊಡ್ಡ ಭಯ ಯಾವುದೆಂದು ಹೇಳಬೇಕೇ? ಇಂಗ್ಲಿಷ್ ಮೇಷ್ಟ್ರ ಹೆಂಡತಿಯಾಗಿದ್ದಾಗ್ಯೂ... ಮುಂದಿನದನ್ನು ನೀವೇ ಜೋಡಿಸಿಕೊಳ್ಳಿ. ಇಂಥ ಉದಾಹರಣೆ ಸಿಕ್ಕಿದರೆ ಯಾವ ಮೇಷ್ಟ್ರು ಬಿಡುತ್ತಾರೆ?

"ನಾನು ಎಸ್ಸೆಸ್ಸೆಲ್ಸಿ ಕಟ್ತೀನಿ," ಎಂದೆ.

"ಪ್ರಯತ್ನ ಒಳ್ಳೇದು, ಆದ್ರೆ..."

"ಆದ್ರೆ ಗೀದ್ರೆ ಏನೂ ಬ್ಯಾಡ. ನೀವು ಪಾಠ ಹೇಳಿಕೊಡಬೇಕು. ಪಾಸಾಗ್ಲಿ, ಫೇಲಾಗ್ಲಿ, ನನ್ನ ಪರೀಕ್ಷೆ ಸುದ್ದಿ ಬೋರ್ಡಿಗೆ ಹೋಗಬಾರ್ದು. ನನ್ನ ತಲೆ ಮುಟ್ಟಿ ಹೇಳ್ರಿ."

ಅವರು ತಲೆ ಮುಟ್ಟಿದರು. ಕೈಯಲ್ಲಿದ್ದ ಸೀಮೆಸುಣ್ಣದ ಪುಡಿ ನನ್ನ ಬೈತಲೆಗೆ ಹತ್ತಿತು.

ಪಾಠ ನಡೆಯುತ್ತಿದ್ದದ್ದು ಅಡುಗೆಮನೆಯ ಹೊಸ್ತಿಲಲ್ಲಿ. ನಾನು ರೊಟ್ಟಿ ತಟ್ಟುತ್ತ ಒಳಗೆ, ಅವರು ಕೆಂಪು ಶಾಯಿಯ ಪೆನ್ನು ಹಿಡಿದು ಹೊರಗೆ. ನನ್ನದೇ ವಾಕ್ಯಗಳನ್ನು ಕಟ್ಟಿಕೊಂಡು ಬಾ ಎಂದರು. ಅಷ್ಟೇ ಸಾಕಿತ್ತು ನನಗೆ! ಇವರ ಹತ್ತಿರ ಒಂದು ಸೈಕಲ್ಲಿತ್ತು. ಅದನ್ನು ಹತ್ತುತ್ತಿರಲಿಲ್ಲ, ವಾಕ್ಯ ಯೋಚಿಸುತ್ತ ಒಮ್ಮೆ ಹೊನ್ನಾಳಿಯ ಚರಂಡಿಗೆ ಬಿದ್ದಮೇಲೆ ಬರೀ ತಳ್ಳಿಕೊಂಡು ಓಡಾಡುತ್ತಿದ್ದರು. ನನ್ನ ಮೊದಲ ವಾಕ್ಯ, "ಆಲ್ದೋ ಹೀ ಹ್ಯಾಸ್ ಎ ಸೈಕಲ್, ಹೀ ವಾಕ್ಸ್." ಎರಡನೆಯದು, ಕೊಡೆ ಇದ್ದಾಗ್ಯೂ ಅವರು ನೆನೆಯುತ್ತಾರೆ. ಮೂರನೆಯದು, ಅವರು ನನ್ನ ಗಂಡನಾಗಿದ್ದಾಗ್ಯೂ ನಾನು ಬದುಕಿದ್ದೇನೆ! ಮೂರಕ್ಕೂ ಸರಿ ಗುರುತು ಹಾಕಿ, ಕೊನೆಯದರ ಪಕ್ಕದಲ್ಲಿ ಕೆಂಪಗೆ ಬರೆದರು: 'ವ್ಯಾಕರಣ ಸರಿ ಇದೆ. ಅರ್ಥ ಚರ್ಚಾಸ್ಪದ.'

ಇಷ್ಟೆಲ್ಲ ಜಾಣತನ ಹೊಸ್ತಿಲಿನಲ್ಲಿ. ಪರೀಕ್ಷೆಯಲ್ಲಿ ಕೂತಾಗ ಆಲ್ದೋ ಹಾಕಿದ ಕಡೆಯೆಲ್ಲ ಬಟ್ ಕೂಡ ಹಾಕಿ ಬಂದೆ. ಮೂವತ್ತೈದು ಬೇಕಾದಲ್ಲಿ ಇಪ್ಪತ್ತೆಂಟು. ಶಾಲೆಗೆ ಬಂದ ಪಟ್ಟಿಯನ್ನು ಮೊದಲು ನೋಡಿದವರು ಇವರೇ. ಮನೆಗೆ ಬಂದು, ಅಂಗಿ ಕಳಚಿ ಮೊಳೆಗೆ ಹಾಕಿ, "ಏಳು ಕಮ್ಮಿ" ಎಂದರು. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಹೊಗೆಯಿದ್ದದ್ದರಿಂದ ಮಕ್ಕಳಿಗೆ ಕಾರಣ ಹೇಳಬೇಕಾಗಲಿಲ್ಲ.

ಮಾರನೆಯ ದಿನ ನೀರಿಗೆ ಹೋಗಲು ಕಾಲೇ ಬರಲಿಲ್ಲ. ಹೋದೆ. ಯಾರೂ ಏನೂ ಅನ್ನಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ವಾರ ಕಳೆದ ಮೇಲೆ ತಡೆಯಲಾರದೆ ಇಲ್ಲಿನ ಪಕ್ಕದ ಮನೆಯಲ್ಲಿ ಹತ್ತನೇ ಕ್ಲಾಸು ಓದುತ್ತಿದ್ದ ಹುಡುಗಿಯನ್ನು ನಾನೇ ಕೇಳಿದೆ: "ಏನಮ್ಮಾ, ಮೇಷ್ಟ್ರು ಬೋರ್ಡಿನ ಮೇಲೆ ಏನು ಬರೀತಾರೆ ಈಗ?"

ಹುಡುಗಿ ಮುಖ ಸಿಂಡರಿಸಿತು. "ಅದ್ಯಾಕೋ ಏನೋ ರೀ, ಎಂಟು ದಿವ್ಸದಿಂದ ಬರೀ ಪುಸ್ತಕದಾಗಿಂದೇ ಬರೆಸ್ತಾರೆ. ದಿನಾ ಹಿಮ ಬೀಳಿಸ್ತಾರೆ ರೀ. ಒಂದಿಷ್ಟೂ ರುಚಿ ಇಲ್ಲ!"

ನನ್ನ ತಲೆಯ ಮೇಲೆ ಇಟ್ಟ ಆಣೆಗಾಗಿ ನ್ಯಾಮತಿಯಲ್ಲಿ ಹದಿನೈದು ದಿನ ಹಿಮ ಬಿತ್ತು. ಹದಿನಾರನೆಯ ದಿನ ಚಟ್ನಿಗೆ ಖಾರ ಹೆಚ್ಚಾಯಿತು, ಮತ್ತೆ ಎಲ್ಲ ಮೊದಲಿನಂತಾಯಿತು ಅನ್ನಿ. ನಾಯಿಯ ಬಾಲ ನೆಟ್ಟಗಾಗಲಿಲ್ಲ ಎಂದು ನಾನು ಬೈದುಕೊಂಡರೂ, ಒಳಗೊಳಗೇ ಹಗುರವಾದೆ.

ಆಮೇಲೆ ಜಗಳೂರು. ಅಲ್ಲಿಗೆ ಹೋದ ಎರಡನೆಯ ವರ್ಷ ಮೂರನೆಯವಳು ಹುಟ್ಟಿದಳು. ಅಲ್ಲೂ ಒಂದು ಶಿಶುವಿಹಾರ, ಅಲ್ಲೂ ಅದೇ ರೂಲ್ಸು. ಈ ಸಲ ಬಿಡಬಾರದೆಂದು ಮತ್ತೆ ಕಟ್ಟಿದೆ. ಕೂಸನ್ನು ತೊಟ್ಟಿಲಿಗೆ ಹಾಕಿ, ತೊಟ್ಟಿಲ ಹಗ್ಗವನ್ನು ನಮ್ಮವರು ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡು ಪಾಠ ಹೇಳುತ್ತಿದ್ದರು. ಆಲ್ದೋ, ದೋ, ಈವನ್ ದೋ, ಇನ್ ಸ್ಪೈಟ್ ಆಫ್ ಎಂದು ರಾಗವಾಗಿ ಅವರು ಹೇಳುವುದು, ನಾನು ಒಪ್ಪಿಸುವುದು. ಬೇರೆ ಮನೆಯ ಕೂಸುಗಳು ಜೋಜೋ ಕೇಳಿ ಮಲಗಿದರೆ ನಮ್ಮದು ಈ ಮಂತ್ರ ಕೇಳಿದ ಹೊರತು ಕಣ್ಣು ಮುಚ್ಚದ ಹಾಗಾಯಿತು. ಆದರೆ ಹೆಬ್ಬೆರಳಿಗೆ ಹಗ್ಗ ಕಟ್ಟಿಕೊಳ್ಳುವುದು ನಾಲ್ಕು ಗೋಡೆಯೊಳಗಿನ ಮಾತು. ಬೀದಿಯಲ್ಲಿ, ನಾಲ್ಕು ಜನರೆದುರು ಸ್ವಂತ ಕೂಸನ್ನು ಎತ್ತಿಕೊಳ್ಳುವ ಗಂಡಸನ್ನು ನಮ್ಮ ಕಡೆ ಆಗ ಯಾರೂ ಕಂಡಿರಲಿಲ್ಲ. ಹಿರಿಯರ ಮುಂದೆ ಎತ್ತಿಕೊಂಡರೆ ನಾಚಿಕೆಗೇಡು. ಇವರಂತೂ ಶಿಷ್ಯರು ಎದುರು ಬಂದರೆ ಮಕ್ಕಳ ಕೈಯನ್ನೂ ಬಿಟ್ಟು ಎರಡು ಮಾರು ಮುಂದೆ ನಡೆಯುವವರು.

ಪರೀಕ್ಷೆಯ ದಿನ ಬಂತು. ಕೇಂದ್ರ ಇವರದೇ ಹೈಸ್ಕೂಲು. ಹೆಂಡತಿ ಬರೆಯುತ್ತಿದ್ದಾಳೆಂದು ಮೊದಲೇ ಬರೆದುಕೊಟ್ಟು ಇವರು ಮೇಲ್ವಿಚಾರಣೆಯಿಂದ ಹೊರಗುಳಿದಿದ್ದರು. ದೊಡ್ಡ ಮಕ್ಕಳಿಬ್ಬರು ನನ್ನ ತವರು ಸವಳಂಗದಲ್ಲಿದ್ದರು. ಏಳು ತಿಂಗಳ ಕೂಸನ್ನು ನೋಡಿಕೊಳ್ಳಲು ನಮ್ಮತ್ತೆ ಬೆಳಗಿನ ಬಸ್ಸಿಗೆ ಬರಬೇಕಿತ್ತು. ಬಸ್ಸು ಬಂತು, ಅತ್ತೆ ಬರಲಿಲ್ಲ. ಪಕ್ಕದ ಮನೆಯವರಿಗೆ ಚಳಿಜ್ವರ. ಪರೀಕ್ಷೆಗೆ ಇನ್ನು ಅರ್ಧ ಗಂಟೆ.

"ಹೋಗ್ಲಿ ಬಿಡ್ರಿ," ಎಂದೆ. "ಅಕ್ಟೋಬರಿಗೆ ಬರೆದ್ರಾತು." ಅಕ್ಟೋಬರು ಎಂದರೆ ಇನ್ನು ಯಾವತ್ತೂ ಇಲ್ಲ ಎಂದು ನನಗೆ ಗೊತ್ತಿತ್ತು.

ಅವರು ತೊಟ್ಟಿಲಿನಿಂದ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಹಾಲಿನ ಬಾಟಲಿಯನ್ನು ಜುಬ್ಬಾದ ಜೇಬಿಗೆ ತುರುಕಿ, "ನಡಿ, ಹೊತ್ತಾಗ್ತೈತೆ" ಎಂದರು.

ಜಗಳೂರಿನ ಏಪ್ರಿಲ್ ಬಿಸಿಲು. ಶಾಲೆಯ ಗೇಟಿನಲ್ಲಿ ಇವರ ಕೈಯಲ್ಲಿ ವರ್ಷವಿಡೀ ಕಿವಿ ಹಿಂಡಿಸಿಕೊಂಡ ಮಕ್ಕಳೆಲ್ಲ ನಿಂತಿದ್ದಾರೆ. ಹೆಡ್‌ಮೇಷ್ಟ್ರು ನಿಂತಿದ್ದಾರೆ. ಅವರ ನಡುವೆ ನಮ್ಮವರು ಕೂಸನ್ನು ಹೊತ್ತು, ಯಾರ ಕಡೆಗೂ ನೋಡದೆ, ಕುತ್ತಿಗೆ ಸೆಟೆಸಿಕೊಂಡು ನಡೆದರು. ಹಿಂದಿನಿಂದ ಒಂದು ಕಿಸಕ್ಕೆಂಬ ನಗೆ ಕೇಳಿತು. "ಕೂಸು ಅತ್ರೆ ನಂಗೆ ಕೇಳಿಸ್ಬೇಕು, ಹತ್ರದಾಗೇ ಇರ್ರಿ" ಎಂದು ಹೇಳಿ ಒಳಗೆ ಹೋದೆ. ನಾನು ಮಾಡಿದ ತಪ್ಪು ಅದೇ!

ಅರ್ಧ ಗಂಟೆಯಾಗಿರಬೇಕು. ಕಿಟಕಿಯ ಹೊರಗೆ ಕೂಸು ಕಿಟಾರನೆ ಕಿರುಚಿಕೊಂಡಿತು. ಬಾಟಲಿ ಹಿಡಿಯಲಿಲ್ಲವೆಂದು ಕಾಣುತ್ತದೆ. ಎದೆಹಾಲು ಇಳಿದು ನನ್ನ ಕುಪ್ಪಸ ಒದ್ದೆಯಾಯಿತು, ಪೆನ್ನು ಕೆಳಗಿಟ್ಟು ಸೆರಗು ಸರಿಮಾಡಿಕೊಂಡೆ. ಆಗ ಶುರುವಾಯಿತು ನೋಡಿ, ನಮ್ಮವರ ಜೋಗುಳ! "ಆಲ್ದೋ... ದೋ... ಈವನ್ ದೋ... ಇನ್ ಸ್ಪೈಟ್ ಆಫ್..." ಬೆಳಗಿನ ಆಕಾಶವಾಣಿಯಷ್ಟು ಸ್ಪಷ್ಟವಾಗಿ! ಕೂಸು ಗಪ್‌ಚಿಪ್. ಪರೀಕ್ಷೆಯ ಕೋಣೆಯ ತುಂಬ ನಗು. ಯಾಕೆಂದರೆ ಪ್ರಶ್ನೆಪತ್ರಿಕೆಯ ನಾಲ್ಕನೆಯ ಪ್ರಶ್ನೆಯೇ ಅದು, ವಾಕ್ಯಗಳನ್ನು ಸರಿಯಾದ ಪದ ಹಾಕಿ ಜೋಡಿಸಿ ಎಂದು! ಆ ಹೊತ್ತಿಗೆ ಸರಿಯಾಗಿ ಗೇಟಿನೊಳಗೆ ಜೀಪು ಬಂದು ನಿಂತಿತು. ನಕಲು ಹಿಡಿಯುವ ಸ್ಕ್ವಾಡು.

ನನ್ನ ಜೀವ ಬಾಯಿಗೆ ಬಂತು. ಕಿಟಕಿಯ ಹೊರಗೆ ನಿಂತು ಉತ್ತರ ಕೂಗುತ್ತಿರುವ ಇಂಗ್ಲಿಷ್ ಮೇಷ್ಟ್ರು, ಒಳಗೆ ಬರೆಯುತ್ತಿರುವ ಅವರ ಹೆಂಡತಿ. ನನ್ನನ್ನು ಎಬ್ಬಿಸಿ ಕಳಿಸುತ್ತಾರೆ, ಇವರ ಕೆಲಸಕ್ಕೂ ಸಂಚಕಾರ.

"ಏನ್ರೀ ಮೇಷ್ಟ್ರೇ ಇದು?" ಸ್ಕ್ವಾಡಿನ ಸಾಹೇಬರ ದನಿ.

"ಜೋಗುಳ ರೀ ಸರ್."

"ಇಂಗ್ಲಿಷ್ ಪರೀಕ್ಷೆ ದಿನ ಇಂಗ್ಲಿಷ್ ಜೋಗುಳಾನಾ? ಕನ್ನಡದಾಗೆ ಹಾಡ್ರಿ!"

ನಮ್ಮವರು ಪಾಪ, ಕನ್ನಡದಲ್ಲಿ ಏನೋ ಎಳೆದರು. ಕೂಸು ಶಾಲೆಯ ಹೆಂಚು ಹಾರುವಂತೆ ಅತ್ತಿತು. ಸಾಹೇಬರೇ "ಲಾಲಿ ಲಾಲಿ" ಎಂದು ನೋಡಿದರು. ಇನ್ನೂ ಜೋರಾಯಿತು. "ಸಾಕು ಸಾಕು, ನಿಮ್ಮದೇ ಹಾಡ್ರಿ ಮಾರಾಯ್ರೇ!" ಎಂದರು. ಈವನ್ ದೋ ಎಂದೊಡನೆ ಕೂಸು ಸುಮ್ಮನಾಯಿತು. ಸಾಹೇಬರು ಆಮೇಲೆ ಹೇಳಿದರು: "ನಂಬ್ತೀನಿ. ಆದ್ರೆ ಇಲ್ಲಿ ನಿಲ್ಲಂಗಿಲ್ಲ. ಈ ಹಾಡು ಶಾಲೆಗೆ ಕೇಳಿಸದಷ್ಟು ದೂರ ಹೋಗ್ರಿ."

ಅವರ ಚಪ್ಪಲಿಯ ಸದ್ದು ದೂರವಾಯಿತು. ಕೋಣೆಯಲ್ಲಿ ನಗು ಇನ್ನೂ ನಿಂತಿರಲಿಲ್ಲ. ಊರೆಲ್ಲ ನಾಳೆ ಇದನ್ನೇ ಆಡಿಕೊಳ್ಳುತ್ತದೆ, ಈ ಮನುಷ್ಯನಿಗೆ ಅದು ಗೊತ್ತು, ಗೊತ್ತಿದ್ದೇ ಬಂದಿದ್ದಾರೆ ಎನ್ನಿಸಿತು. ಕಣ್ಣೊರೆಸಿಕೊಂಡೆ. ಒಂದೊಂದೇ ಪ್ರಶ್ನೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಗಂಟೆ ಹೊಡೆಯುವವರೆಗೂ ತಲೆ ಎತ್ತದೆ ಬರೆದೆ.

ಪಾಸಾದೆ, ನಲವತ್ತೊಂದು ಅಂಕ. ಆ ಶಿಶುವಿಹಾರದಲ್ಲಿ ಏಳು ವರ್ಷ ಟೀಚರಾಗಿದ್ದೆ. ಆದರೆ ಅದೆಲ್ಲ ಆಮೇಲಿನ ಮಾತು. ಅವತ್ತು ಮಧ್ಯಾಹ್ನ ಹೊರಗೆ ಬಂದಾಗ ಗೇಟಿನ ಹತ್ತಿರ ಅವರಿಲ್ಲ. "ಮೇಷ್ಟ್ರು ಬಸ್‌ಸ್ಟ್ಯಾಂಡಿನಾಗೆ ಅವ್ರೆ ರೀ" ಎಂದ ಒಬ್ಬ. ಮುಂದಿನ ಬಸ್ಸಿಗಾದರೂ ತಮ್ಮ ಅಮ್ಮ ಬರಬಹುದೆಂದು ಅಲ್ಲಿಗೆ ಹೋಗಿದ್ದರಂತೆ. ಅತ್ತೆ ಆಗ ಕೆಟ್ಟುನಿಂತ ಬಸ್ಸಿನಲ್ಲಿ ದಾವಣಗೆರೆಯ ದಾರಿಯಲ್ಲಿದ್ದರು.

ಬಸ್‌ಸ್ಟ್ಯಾಂಡಿನ ತಗಡಿನ ನೆರಳಿನಲ್ಲಿ ನಮ್ಮವರು ನಿಂತಿದ್ದರು. ಪಕ್ಕದಲ್ಲೇ ಕಲ್ಲುಬೆಂಚು ಖಾಲಿ ಇತ್ತು. ಕೂತರೆ ಕೂಸು ಏಳುತ್ತದೆಂದು ಎರಡು ಗಂಟೆ ಅಲ್ಲಾಡದೆ ನಿಂತಿದ್ದಾರೆ. ತಮ್ಮ ಹೆಗಲ ಮೇಲಿನ ಟವೆಲನ್ನು ಕೂಸಿನ ತಲೆಗೆ ಸುತ್ತಿದ್ದಾರೆ. ಜುಬ್ಬಾ ಬೆವರು, ಹಾಲು, ಉಚ್ಚೆ ಎಲ್ಲದರಿಂದ ಒದ್ದೆ. ಪ್ರಶ್ನೆಪತ್ರಿಕೆ ಹಿಡಿದು ಬಂದ ಶಿಷ್ಯರು ಸುತ್ತ ನಿಂತಿದ್ದಾರೆ, ಅವರನ್ನು ಕಣ್ಣಲ್ಲೇ ಸುಮ್ಮನಿರಿಸುತ್ತಿದ್ದಾರೆ. ಮದುವೆಯಾಗಿ ಹದಿನಾಲ್ಕು ವರ್ಷ, ಮೂರು ಮಕ್ಕಳು. ಆ ಮನುಷ್ಯನ ಮೇಲೆ ನನಗೆ ನಿಜವಾಗಿ ಪ್ರೀತಿ ಹುಟ್ಟಿದ್ದು ಆ ತಗಡಿನ ಕೆಳಗೆ.

ಕೂಸನ್ನು ಮೆಲ್ಲಗೆ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ ಮೇಲೂ ಅವರ ಕೈಗಳು ಹಾಗೆಯೇ ಮಡಚಿಕೊಂಡು ನಿಂತಿದ್ದವು.

"ಕೈ ಬಿಚ್ಚಾಕೆ ಬರ್ತಿಲ್ಲ ಕಣೇ," ಎಂದರು, ಪಿಸುಗುಟ್ಟಿದಂತೆ.

ನಾಲ್ಕು ಊರುಗಳಲ್ಲಿ ಅವರ ಹಿಂದೆ ಎರಡು ಮಾರು ದೂರದಲ್ಲಿ ನಡೆದವಳು ನಾನು; ಬೀದಿಯಲ್ಲಿ ಅವರ ಬೆರಳನ್ನೂ ಮುಟ್ಟಿದವಳಲ್ಲ. ಸೋಡಾ ಅಂಗಡಿಯವನು, ಕಂಡಕ್ಟರು, ಅಷ್ಟೊಂದು ಶಿಷ್ಯರು ನೋಡುತ್ತಿದ್ದಂತೆ ಅವರ ಬಲಗೈಯನ್ನು ನನ್ನ ಕೈಗೆ ತೆಗೆದುಕೊಂಡೆ. ಮೊಣಕೈಯನ್ನು ನೀವಿದೆ, ಅಂಗೈಯನ್ನು ತಿಕ್ಕಿದೆ, ಮರಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ.

"ಏ, ಬಿಡೇ, ಜನ ನೋಡ್ತಾರೆ," ಎಂದರು.

"ನೋಡ್ಲಿ ಬಿಡ್ರಿ," ಎಂದು ಎಡಗೈಯನ್ನೂ ತೆಗೆದುಕೊಂಡೆ.